ಶೆಡ್ಡಿನ ನೆಲ ಉಬ್ಬಿದ ಮಧ್ಯಾಹ್ನ

ನಮ್ಮ ಯಜಮಾನರು ಜಾರಿ ಬಿದ್ದದ್ದು ತೋಟದಲ್ಲಲ್ಲ, ಗದ್ದೆ ಬದುವಿನ ಮೇಲೂ ಅಲ್ಲ, ಮನೆ ಪಕ್ಕದ ಕಾರ್ ಶೆಡ್ಡಿನಲ್ಲಿ. ಆ ಶೆಡ್ಡಿನಲ್ಲಿ ಕಾರು ನಿಂತು ಯಾವ ಕಾಲವಾಯಿತೋ. ಕಳೆ ಹೊಡೆಯುವ ಮಷಿನ್ನು, ಔಷಧಿ ಪಂಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಹೀಗೆ ಸುತ್ತಮುತ್ತಲ ತೋಟದವರ ಮನೆಯಲ್ಲಿ ಕೆಟ್ಟದ್ದೆಲ್ಲ ಅಲ್ಲಿಗೆ ಬರುತ್ತಿತ್ತು. ಕೆ. ಹೊಸಕೋಟೆ ಕಡೆಯಿಂದಲೂ ಜನ ಹೊತ್ತು ತರುತ್ತಿದ್ದರು. ಸಿಮೆಂಟ್ ನೆಲ ವರ್ಷಗಟ್ಟಲೆ ಆಯಿಲ್ ಕುಡಿದು ಕುಡಿದು ದೋಸೆ ಕಾವಲಿಯ ಹಾಗೆ ಮಿಂಚುತ್ತಿತ್ತು. ಮಳೆಗಾಲದ ಒಂದು ಬೆಳಿಗ್ಗೆ ಒದ್ದೆ ಚಪ್ಪಲಿಯಲ್ಲಿ ಒಳಗೆ ಕಾಲಿಟ್ಟರು, ಅಷ್ಟೇ. ತೊಡೆಯ ಮೂಳೆ ಮುರಿಯಿತು. ಹಾಸನದಲ್ಲಿ ಆಪರೇಷನ್ ಮಾಡಿ ರಾಡು ಹಾಕಿದರು. "ಇನ್ನೊಂದು ಸಲ ಬಿದ್ದರೆ ಎದ್ದು ಓಡಾಡೋದು ಕಷ್ಟ" ಎಂದು ಡಾಕ್ಟರು ನನ್ನನ್ನೇ ನೋಡಿ ಹೇಳಿದರು, ನಾನೇ ತಳ್ಳಿದವಳ ಹಾಗೆ.

ಮಗ ಶೆಡ್ಡಿಗೆ ಬೀಗ ಹಾಕಿಬಿಟ್ಟ. ಅವನಿಗೆ ಪಿಕಪ್ ಗಾಡಿ ಇದೆ, ಕಾಫಿ ಮೂಟೆ ಸಾಗಿಸುತ್ತಾನೆ, ಮಾತು ಕಡಿಮೆ. ಅಪ್ಪನ ಜೊತೆ ವಾದ ಮಾಡುವುದಕ್ಕಿಂತ ಬೀಗ ಹಾಕುವುದು ಅವನಿಗೆ ಸುಲಭ.

ಯಜಮಾನರು ಜಗಲಿಯ ಕುರ್ಚಿಯಲ್ಲಿ ಕೂತರು. ಮೊದಲು ಟಿವಿ ರಿಮೋಟ್ ಬಿಚ್ಚಿ ಜೋಡಿಸಿದರು. ಆಮೇಲೆ ನನ್ನ ಮಿಕ್ಸಿ ಬಿಚ್ಚಿದರು. ಮಿಕ್ಸಿ ಚೆನ್ನಾಗೇ ಇತ್ತು. ಅದೂ ಮುಗಿದ ಮೇಲೆ ಬಿಚ್ಚಲು ಏನೂ ಉಳಿಯಲಿಲ್ಲ. ಊಟ ಕಡಿಮೆಯಾಯಿತು. ನನ್ನನ್ನು ಬೈಯುವುದೂ ಕಡಿಮೆಯಾಯಿತು. ಅದು ನನಗೆ ಮೂಳೆ ಮುರಿದದ್ದಕ್ಕಿಂತ ದೊಡ್ಡ ಹೆದರಿಕೆ ಹುಟ್ಟಿಸಿತು.

"ಮಾವನ್ನ ಹಿಂಗೇ ಕೂರುಸ್ಬುಟ್ರೆ ಆಗಲ್ಲ ಅತ್ತೆ. ನೆಲ ಬದ್ಲಾಯ್ಸಾಣ" ಎಂದವಳು ಸೊಸೆ. ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ಕೂರುವ ಪ್ಲಾಸ್ಟಿಕ್ ಟೈಲ್ಸನ್ನು ಅವಳೇ ಫೋನಿನಲ್ಲಿ ಹುಡುಕಿದಳು. ಸಿಮೆಂಟ್ ಬೇಡ, ಗಾರೆಯವರು ಬೇಡ, ಮೇಲೆ ಸಣ್ಣ ಉಬ್ಬುಗಳಿರುವುದರಿಂದ ಕಾಲೂ ಜಾರುವುದಿಲ್ಲ. ನೆಲ ಹಾಕಿದ ಮೇಲೆ ಡಾಕ್ಟರು ಸರಿ ಎಂದರೆ ಬೀಗ ತೆಗೆಯುತ್ತೇನೆ ಎಂದು ಮಗನಿಂದ ಮಾತೂ ತೆಗೆದುಕೊಂಡಳು. ಫೋನಿನ ಮೇಲೆ ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ಹೀಗೆ ಬರೆಯುವುದನ್ನು ನನಗೆ ಕಲಿಸಿದ್ದೂ ಅವಳೇ. ಬರೆದದ್ದನ್ನು ಮೊದಲು ಓದುವವಳೂ ಅವಳೇ, ಹಾಗಾಗಿ ಅವಳ ವಿಷಯದಲ್ಲಿ ಸ್ವಲ್ಪ ನೋಡಿಕೊಂಡು ಬರೆಯುತ್ತಿದ್ದೇನೆ.

ಸಂಕ್ರಾಂತಿ ಆಸುಪಾಸಿನ ಚಳಿಯಲ್ಲಿ ಕೆಲಸ ಶುರು ಮಾಡಿದೆವು. ಮರದ ಹೊಟ್ಟು ಹರಡಿ ಆಯಿಲ್ ಹೀರಿಸಿ, ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದು ಒಣಗಿಸಿದೆವು. ನಡುವೆ ದಾರ ಕಟ್ಟಿ ಗೆರೆ ಎಳೆದು ಅಲ್ಲಿಂದ ಜೋಡಿಸುತ್ತಾ ಹೋದೆವು. ಹಲ್ಲಿಗೆ ಹಲ್ಲು ಕೂರಿಸಿ ರಬ್ಬರ್ ಸುತ್ತಿಗೆಯಲ್ಲಿ ಒಂದೇಟು ಹಾಕಿದರೆ ಟಪ್ ಎಂದು ಕಚ್ಚಿಕೊಳ್ಳುತ್ತದೆ.

"ಸುತ್ತಿಗೆ ಯಾಕೆ ಅತ್ತೆ, ನೀವೊಂದ್ಸಲ ಮೇಲೆ ಕೂತ್ರೆ ಸಾಕು" ಎಂದಳು ಸೊಸೆ.

"ಕೂರ್ತೀನಿ. ಎಬ್ಸೋಳು ನೀನೇ ಕಣೆ" ಎಂದೆ.

ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಯಜಮಾನರು ತಿಂಗಳುಗಳಾದ ಮೇಲೆ ನಕ್ಕರು. ನನಗೆ ಅಷ್ಟೇ ಸಾಕಾಗಿತ್ತು.

ಗೋಡೆಯ ಹತ್ತಿರ ಬಂದಾಗ ಸೊಸೆ ನಿಲ್ಲಿಸಿದಳು. "ಇಲ್ಲಿ ಒಂದು ಬೆರಳಷ್ಟು ಜಾಗ ಬುಡ್ಬೇಕಂತೆ ಮಾವ. ಬಿಸ್ಲಿಗೆ ಹಿಗ್ತದಂತೆ."

"ಯಾವನು ಹೇಳಿದ್ದು? ಸಂದು ಬುಟ್ರೆ ಬಿದ್ದ ಒಂದು ನಟ್ಟೂ ಕೈಗೆ ಸಿಗಲ್ಲ. ಕಣದಲ್ಲಿ ಯಾರಾದ್ರೂ ಸಂದು ಬುಡ್ತಾರಾ?"

ಕಣ ಎಂದರೆ ನಮ್ಮಲ್ಲಿ ಕಾಫಿ ಒಣಗಿಸುವ ಅಂಗಳ. ಕೊಯ್ಲಿಗೆ ಮೊದಲು ಅದರ ಒಂದೊಂದು ಬಿರುಕನ್ನೂ ಹುಡುಕಿ ಸಿಮೆಂಟ್ ಮೆತ್ತುತ್ತೇವೆ, ಇಲ್ಲದಿದ್ದರೆ ಬೀಜ ಸಂದಿಗೆ ಬಿದ್ದು ಬೂಷ್ಟು ಹಿಡಿಯುತ್ತದೆ. ಹುಟ್ಟಿದಾಗಿನಿಂದ ಸಂದು ಮುಚ್ಚಿಕೊಂಡೇ ಬಂದ ಜನ ನಾವು. "ಸಂದು ಇದ್ರೆ ಚೇಳು ಸೇರ್ಕತ್ತದೆ" ಎಂದು ನಾನೂ ಒಂದು ಸೇರಿಸಿದೆ. ಸೊಸೆ ಒಬ್ಬಳು, ನಾವಿಬ್ಬರು. ಕೊನೆಯ ಸಾಲನ್ನು ಮರದ ತುಂಡಿಟ್ಟು ಬಡಿದು ಬಡಿದು ಗೋಡೆಗೆ ಒತ್ತಿ ತುಂಬಿಸಿದೆವು. ಒಂದು ಸೂಜಿ ಕೂಡ ಇಳಿಯುವ ಹಾಗಿರಲಿಲ್ಲ. ಕೆಲಸದ ಬೆಂಚನ್ನು ಅದರ ಮೇಲೆ ಇಡಿಸಿ ಮಗ ಮತ್ತೆ ಬೀಗ ಹಾಕಿದ.

ಮಾರ್ಚ್ ಬಂತು. ತಗಡಿನ ಮಾಡು ಕಾಯತೊಡಗಿತು. ಅಪ್ಪ ಮಗ ಹಾಸನಕ್ಕೆ ಡಾಕ್ಟರ ಹತ್ತಿರ ಹೋದ ದಿನ ನಾನು ಬೆಳಿಗ್ಗೆಯಿಂದ ಒಲೆಗೂ ಬಾಗಿಲಿಗೂ ಓಡಾಡುತ್ತಿದ್ದೆ. ಮಧ್ಯಾಹ್ನ ಮಗನ ಫೋನು ಬಂತು.

"ಡಾಕ್ಟ್ರು ಹೂಂ ಅಂದ್ರು ಕಣವ್ವ. ಅಪ್ಪ ಮನೆ ಒಳಕ್ಕೂ ಬರಲ್ವಂತೆ, ಸೀದಾ ಶೆಡ್ಗೇ ಅಂತೆ. ಬಾಗ್ಲು ತೆಗ್ದು ಕಸ ಹೊಡ್ದಿರಿ."

ಸೊಸೆ ಬೀಗ ತೆಗೆದಳು. ಬೇಕರಿ ಒಲೆಯ ಮುಂದೆ ನಿಂತ ಹಾಗೆ ಮುಖಕ್ಕೆ ಕಾವು ಬಡಿಯಿತು. ನೆಲ ನೋಡಿದೆ. ನಡುವೆ ಯಾರೋ ಕಂಬಳಿ ಹೊದ್ದು ಮಲಗಿದ ಹಾಗೆ ಉಬ್ಬಿತ್ತು. ಒಂದು ಕಡೆ ತುಳಿದರೆ ಇನ್ನೊಂದು ಕಡೆ ಏಳುತ್ತಿತ್ತು. ನನ್ನ ಎರಡು ಗಟ್ಟಿ ಕಾಲುಗಳೇ ಅಲ್ಲಿ ಎಡವಿದವು. ಇನ್ನು ಕೋಲೂರಿಕೊಂಡು ಬರುವ ಮನುಷ್ಯನ ಗತಿ?

"ಬೀಗ ಹಾಕ್ಬುಡಾಣ ಅತ್ತೆ. ಬೀಗದ ಕೈ ಸಿಗ್ಲಿಲ್ಲ ಅನ್ನಾಣ."

"ಇವತ್ತು ಬೀಗ ಕಂಡ್ರೆ ಆ ಮನುಷ್ಯ ಇನ್ನು ಕುರ್ಚಿ ಬುಟ್ಟು ಏಳಲ್ಲ ಕಣೆ. ತೆಗ್ದಿದ್ರೆ ಬೀಳ್ತಾರೆ. ಏನಾರ ಮಾಡು ಮಾರಾಯ್ತಿ."

ಅವತ್ತು ಬಿಡದ ಸಂದನ್ನು ಈಗ ಬಿಡಿಸಲು ಸೊಸೆ ಗೋಡೆ ಪಕ್ಕದ ಸಾಲನ್ನು ಸ್ಕ್ರೂ ಡ್ರೈವರಿನಲ್ಲಿ ಮೀಟಿ ಎಬ್ಬಿಸಿದಳು. ಅಂಚು ಕೊಯ್ಯಲು ತೆಗೆದ ಬ್ಲೇಡು ಎರಡನೆಯ ತುಂಡಿಗೇ ಮುರಿಯಿತು. ನಾನು ಅಡಿಗೆಮನೆಯಿಂದ ಈಳಿಗೆ ಮಣೆ ತಂದು ಶೆಡ್ಡಿನ ನಡುವೆ ಕಾಲು ಮಡಚಿ ಕೂತೆ. ಎಳೆ ಹಲಸಿನಕಾಯಿ ಹೆಚ್ಚಿದ ಕೈ ಇದು, ಪ್ಲಾಸ್ಟಿಕ್ಕಿಗೆ ಹೆದರುತ್ತದೆಯೇ? ಅವಳು ಕಿತ್ತು ಕೊಟ್ಟಳು, ನಾನು ಬೆರಳಗಲದ ಪಟ್ಟಿ ಕೊಯ್ದು ವಾಪಸು ಕೊಟ್ಟೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ರಸ್ತೆಯಲ್ಲಿ ಯಾವ ಗಾಡಿ ಸದ್ದಾದರೂ ಕೈ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದೆ.

ಸೊಸೆ ಗಂಡನಿಗೆ ಫೋನು ಮಾಡಿದಳು. ಮುಖದಲ್ಲಿ ಬೆಳಕು ಬಂತು. "ಬಾಳ್ಳುಪೇಟೆಯಿಂದ ಒಳಕ್ಕೆ ತಿರುಗ್ಬುಟ್ಟವ್ರಂತೆ. ಆದ್ರೆ ಮುಂದೆ ಆನೆ ರೋಡ್ ದಾಟ್ತಾ ಅವಂತೆ. ಗಾಡಿ ಎಲ್ಲ ನಿಲ್ಸವ್ರೆ."

ಬೇರೆ ದಿನವಾಗಿದ್ದರೆ ಆನೆ ಬೇಗ ತೊಲಗಲಿ ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಿದ್ದೆ. ಅವತ್ತು, "ಗಣೇಶ, ಮರಿಗಿರಿ ಎಲ್ಲ ಕರ್ಕೊಂಡು ನಿಧಾನಕ್ಕೆ ದಾಟಪ್ಪ" ಎಂದು ಕೈ ಮುಗಿದೆ. ಸೊಸೆ ನನ್ನನ್ನು ನೋಡಿದ ನೋಟ ಬರೆಯುವುದಿಲ್ಲ.

ಎರಡು ಗೋಡೆಗಳ ಅಂಚು ಬಿಡಿಸಿದ ಮೇಲೆ ನೆಲ ನಿಧಾನವಾಗಿ ಸರಿದು ಮಲಗತೊಡಗಿತು. ಬೆಂಚಿನ ಮುಂದಿನ ಉಬ್ಬು ಮಾತ್ರ ಹಾಗೇ ಉಳಿಯಿತು. ಬೆಂಚು ಕಬ್ಬಿಣದ್ದು, ಅದರ ಹಿಂದೆಯೂ ಟೈಲ್ಸು ಗೋಡೆಗೆ ಒತ್ತಿಕೊಂಡಿತ್ತು. ನಾವಿಬ್ಬರೂ ಸೇರಿ ನೂಕಿದರೂ ಬೆಂಚು ಅಲ್ಲಾಡಲಿಲ್ಲ. ಅಷ್ಟರಲ್ಲಿ ಪಿಕಪ್ ಹಾರ್ನು ಅಂಗಳದಲ್ಲೇ ಕೇಳಿಸಿತು.

ನಾನು ಹೋಗಿ ಆ ಉಬ್ಬಿನ ಮೇಲೆ ನಿಂತುಕೊಂಡೆ.

ಯಜಮಾನರು ಕೋಲೂರಿಕೊಂಡು ಬಾಗಿಲಿಗೆ ಬಂದರು. ಹೊಸ ಶರ್ಟು, ಕ್ರಾಪು ಬೇರೆ ಬಾಚಿದ್ದರು. "ಯಾಕೇ ಅಲ್ಲಿ ಕಂಬದಂಗೆ ನಿಂತಿದ್ದೀಯ?"

"ನಿಮ್ಮನ್ನ ನೋಡಕ್ಕೆ."

"ಇಷ್ಟು ವರ್ಷ ನೋಡಿದ್ದು ಸಾಕಾಗ್ಲಿಲ್ವ? ಆಚೆ ಬಾ."

"ಕದಲಲ್ಲ."

ಅವರು ಒಳಗೆ ಕಾಲಿಡಲಿಲ್ಲ. ಕೋಲಿನ ತುದಿಯಿಂದ ನೆಲ ತಟ್ಟಿದರು. ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಗಟ್ಟಿ ಸದ್ದು. ಕೋಲು ಚಾಚಿ ನನ್ನ ಕಾಲಿನ ಪಕ್ಕ ತಟ್ಟಿದರು. ಟೊಳ್ಳು. ಈಳಿಗೆ ಮಣೆ ನೋಡಿದರು, ಕೊಯ್ದ ಪಟ್ಟಿಗಳ ರಾಶಿ ನೋಡಿದರು, ಸೊಸೆಯ ಬೆವರು ನೋಡಿದರು. ತಿರುಗಿ ಕುರ್ಚಿಗೆ ಹೋಗಿಬಿಡುತ್ತಾರೆ, ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮಗ ಆಗಲೇ ಚಿಲಕದಲ್ಲಿ ನೇತಾಡುತ್ತಿದ್ದ ಬೀಗಕ್ಕೆ ಕೈ ಹಾಕಿದ್ದ.

"ಟೈಟಾಗ್ಬುಟ್ಟೈತೆ" ಎಂದರು. "ಬೇರಿಂಗ್ ಕೂರುಸ್ದಾಗ್ಲೂ ಅಷ್ಟೇ, ಆಡಕ್ಕೆ ಒಂಚೂರು ಜಾಗ ಬುಡ್ದಿದ್ರೆ ಬಿಸಿಯಾದಾಗ ಹಿಡ್ಕತ್ತದೆ. ಗೊತ್ತಿದ್ದೂ ಕಣದ ಬುದ್ಧಿ ಓಡುಸ್ಬುಟ್ಟೆ ನೋಡು."

"ನಾನು ಹೇಳ್ದೆ ಮಾವ" ಎಂದಳು ಸೊಸೆ.

"ಹೇಳ್ದೆ ಕಣವ್ವ. ಜೋರಾಗಿ ಹೇಳ್ಬೇಕಿತ್ತು."

ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಅಲ್ಲಿಂದಲೇ ಅಪ್ಪಣೆ ಶುರು ಮಾಡಿದರು. "ಗಾಡಿ ಜಾಕ್ ತಗೊಂಡ್ಬಾರೋ. ಬೆಂಚಿನ ಕಾಲಡಿ ಅಲ್ಲ, ಅಡ್ಡಪಟ್ಟಿಗೆ ಕೊಡೋ ದಡ್ಡ!" ಮಗ ಬೆಂಚು ಎತ್ತಿ ಹಿಡಿದ. ಸೊಸೆ ಹಿಂದೆ ತೂರಿಕೊಂಡು ಅಂಚಿನ ಸಾಲು ಕಿತ್ತಳು. ಉಬ್ಬು ನನ್ನ ಪಾದದ ಕೆಳಗೆ ಸುಮ್ಮನೆ ಇಳಿದುಹೋದದ್ದು ನನಗೆ ಗೊತ್ತಾಯಿತು. ಆದರೂ ಕದಲಲು ಧೈರ್ಯ ಬರಲಿಲ್ಲ. ಸೊಸೆಯೇ ಕೈ ಹಿಡಿದು ಆಚೆ ಎಳೆದಳು.

ಮಗ ತೋಳು ಹಿಡಿಯಲು ಹೋದ, ಅವರು ಕೊಡವಿದರು. ಕೋಲು, ಎಡಗಾಲು, ಬಲಗಾಲು. ನೆಲ ಮಿಸುಕಲಿಲ್ಲ. ಬೆಂಚು ಮುಟ್ಟಿದರು, ಸ್ಟೂಲಿನ ಮೇಲೆ ಕೂತರು, ಧೂಳು ಹಿಡಿದಿದ್ದ ಒಂದು ಪಂಪನ್ನು ಹತ್ತಿರ ಎಳೆದುಕೊಂಡು, "ಯಾರೇ ಇಲ್ಲಿಂದ ನನ್ನ ಸ್ಪ್ಯಾನರ್ ತೆಗ್ದಿದ್ದು?" ಎಂದು ಬೈದರು. ಎಷ್ಟು ತಿಂಗಳಾಗಿತ್ತು ಬೈಸಿಕೊಂಡು!

ಈಗ ಅವರು ದಿನಾ ಅಲ್ಲಿಗೆ ಹೋಗುತ್ತಾರೆ. ನಾನೂ ಏನಾದರೊಂದು ಕೆಲಸ ಹಿಡಿದು ಹೊಸಿಲ ಮೇಲೆ ಕೂರುತ್ತೇನೆ. ನಿನ್ನೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಅವರು ಎದ್ದು ಆ ಗೋಡೆಯಿಂದ ಈ ಗೋಡೆಗೆ ನಡೆದರು. ನಡೆಯುವಷ್ಟು ಹೊತ್ತೂ ನಾನು ಕಣ್ಣು ತೆಗೆಯಲಿಲ್ಲ.

"ಅದೇನೇ ನನ್ನ ಕಾಲು ನೋಡ್ತೀಯ?"

"ನಿಮ್ಮ ಕಾಲು ಯಾರಿಗೆ ಬೇಕು? ನೆಲ ನೋಡ್ತೀನಿ."

"ಅದ್ಕೇನೆ ಹಣ್ಣೆಲ್ಲ ಆಚೆ ಎಸ್ದು, ಬೀಜ ಎಲ್ಲ ತಟ್ಟೆಗೆ ಹಾಕ್ಬುಟ್ಟಿದ್ದೀಯ" ಎಂದರು.