ಬೆಳ್ಳಿ ಕರಡಿಗೆ ಮತ್ತು ಬೆಳಗಾವಿಯ ವಿಮಾನ

ನಮ್ಮ ಅತ್ತೆಯ ಖಣದ ಕುಪ್ಪಸಗಳೆಲ್ಲ ಎದೆಯ ನಡುವೆ ಒಂದೇ ಜಾಗದಲ್ಲಿ ಸವೆದಿರುತ್ತಿದ್ದವು. ಅಲ್ಲಿ ಬೆಳ್ಳಿಯ ಕರಡಿಗೆ ತೂಗುತ್ತಿತ್ತು, ಅದರೊಳಗೆ ಅವರ ಇಷ್ಟಲಿಂಗ. ಬಾಗುವಾಗ, ಏಳುವಾಗ, ರೊಟ್ಟಿ ಬಡಿಯುವಾಗ ಉಜ್ಜಿ ಉಜ್ಜಿ, ಗುಳೇದಗುಡ್ಡದ ಗಟ್ಟಿ ಬಣ್ಣವೂ ಅಲ್ಲಿ ಸೋತಿತ್ತು. ನಿದ್ದೆಯಲ್ಲೂ ಅವರು ಅದನ್ನು ತೆಗೆದವರಲ್ಲ. "ಲಿಂಗ ಮೈಮ್ಯಾಲಿಂದ ಇಳೀತಂದ್ರ ಜೀವಾನೂ ಇಳದಂಗ" ಎನ್ನುತ್ತಿದ್ದರು.

ಇಳಕಲ್ಲಿನ ಆ ಸೀರೆ ವ್ಯಾಪಾರದ ಮನೆಗೆ ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಅತ್ತೆ ಒಮ್ಮೆಯೂ ನನ್ನ ಹೆಸರು ಹಿಡಿದು ಕರೆಯಲಿಲ್ಲ.

"ಏ ಕಾನ್ವೆಂಟವ್ವಾ, ಸಾರಿಗೆ ಉಪ್ಪ ಹಾಕೀಯೋ, ಇಂಗ್ಲಿಷ್ ಹಾಕೀಯೋ?"

ನಾನು ನಕ್ಕಂತೆ ಮಾಡಿ, ಒಳಗೆ ಹೋಗಿ ಅಳುತ್ತಿದ್ದೆ. ಅವರಿಗೆ ನಾನು ಬೇಕಾಗಿಲ್ಲ ಎಂದೇ ನಂಬಿದ್ದೆ.

ಕೆಲವು ವರ್ಷಗಳ ನಂತರ ಒಂದು ಮುಂಜಾನೆ ಬೆಂಗಳೂರಿನಿಂದ ಟ್ರಂಕ್ ಕಾಲ್ ಬಂತು. ನನ್ನ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಸಂಜೆ ಆಪರೇಶನ್, ಉಳಿಯುವ ಭರವಸೆ ಕಡಿಮೆ. ರಿಸೀವರ್ ಇಟ್ಟ ಮೇಲೂ ನನ್ನ ಕೈ ಅದರ ಮೇಲೆಯೇ ಇತ್ತು. ಬಸ್ಸಿನಲ್ಲಿ ಹೋದರೆ ಮುಟ್ಟುವುದು ರಾತ್ರಿಗೆ. ನಮ್ಮ ಯಜಮಾನರು ಗೋಡೆ ನೋಡುತ್ತ ನಿಂತುಬಿಟ್ಟರು.

"ಬೆಳಗಾಂವದಿಂದ ಮಧ್ಯಾಹ್ನ ಇಮಾನ ಐತಲ್ಲ, ಅದರಾಗ ಹೋಗೂದು" ಎಂದರು ಅತ್ತೆ, ಅಡುಗೆಮನೆಯ ಬಾಗಿಲಿನಿಂದ.

"ಯವ್ವಾ, ಇಮಾನ ಅಂದ್ರ ಹುನಗುಂದದ ಬಸ್ಸೇನು?" ಎಂದರು ಯಜಮಾನರು.

"ಬಸ್ಸಲ್ಲಂತನ ಹೇಳಾಕತ್ತೇನಿ. ಬೆಳಗಾಂವದ ನಿನ್ನ ಸೀರಿ ಸಾವ್ಕಾರಗ ಫೋನ್ ಹಚ್ಚು. ಕಿಟಕ್ಯಾಗ ಟಾವೆಲ್ ಒಗದು ಎರಡು ಸೀಟ್ ಹಿಡೀಲಿ."

"ಎರಡ್ಯಾಕ?"

"ನಾ ಹೊಂಟೇನಿ ಆಕಿ ಜೋಡಿ. ಇಂಥಾ ಹೊತ್ತಿನ್ಯಾಗ ಹೆಣ್ಣಿಗೆ ಹೆಣ್ಣ ಬೇಕು. ನೀ ಹಿಂದಿಂದ ಬಸ್ಸಿಗೆ ಬಾ."

ಬಾದಾಮಿಯಾಚೆ ಊರನ್ನೇ ಕಾಣದವರು! ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ. ಫೋನು ಹತ್ತುವುದರೊಳಗೆ ಅವರು ರೊಟ್ಟಿಯ ಗಂಟು ಕಟ್ಟಿ, ನನ್ನ ಜಡೆಯನ್ನೂ ಹಾಕಿ ಮುಗಿಸಿದ್ದರು. ಸೀಟು ಸಿಕ್ಕವು. ಬಾಡಿಗೆಯ ಕಾರು ನಮ್ಮನ್ನು ಹೊತ್ತಿಗೆ ಸರಿಯಾಗಿ ಬೆಳಗಾವಿಗೆ ಮುಟ್ಟಿಸಿತು.

ವಿಮಾನ ನಿಲ್ದಾಣದಲ್ಲಿ ಹೆಂಗಸರ ತಪಾಸಣೆ ಪರದೆಯ ಹಿಂದೆ. ಪೊಲೀಸಮ್ಮ ಕೈಯಲ್ಲಿನ ಯಂತ್ರವನ್ನು ಅತ್ತೆಯ ಎದೆಯ ಹತ್ತಿರ ತಂದಳು. ಅದು ಕಿರುಚಿತು.

"ಅಜ್ಜಿ, ಕೊರಳಾಗಿಂದು ತಗದು ಇಲ್ಲಿ ಇಡ್ರಿ."

ಮುಗಿಯಿತು ಅಂದುಕೊಂಡೆ. ಇವರು ತೆಗೆಯುವುದಿಲ್ಲ. ಇಲ್ಲಿಂದಲೇ ವಾಪಸ್ಸು ಹೊರಡುತ್ತಾರೆ, ಮುಂದೆ ನಾನೊಬ್ಬಳೇ ಹೋಗಬೇಕು.

ಅತ್ತೆ ಕಣ್ಣು ಮುಚ್ಚಿದರು. ಆಮೇಲೆ ಕರಡಿಗೆಯ ಮುಚ್ಚಳ ತೆರೆದು, ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು, ಕೊರಳಿನ ಶಿವದಾರ ಸಮೇತ ಬೆಳ್ಳಿಯನ್ನು ತಟ್ಟೆಯಲ್ಲಿ ಇಟ್ಟರು.

"ಬೆಳ್ಳಿ ನೋಡ್ಕೋರಿ, ತಂಗಿ. ದೇವರ ಸುದ್ದಿಗೆ ಬರಬ್ಯಾಡ್ರಿ."

ಅವಳು ಕರಡಿಗೆಯನ್ನು ತಿರುಗಿಸಿ ನೋಡಿ ಮರಳಿ ಕೊಟ್ಟಳು. ಅತ್ತೆ ಅದನ್ನು ಹಾಕಿಕೊಳ್ಳಲಿಲ್ಲ, ನನ್ನ ಚೀಲಕ್ಕೆ ಹಾಕಿದರು. ಹಾಕಿಕೊಳ್ಳಲು ಎರಡು ಕೈ ಬೇಕು. ಅವರ ಬಲಗೈ ಆಗಲೇ ನನ್ನ ಕೈಯನ್ನು ಹಿಡಿದಿತ್ತು.

ವಿಮಾನದಲ್ಲಿ ಅವರ ಬೆಲ್ಟನ್ನು ನಾನೇ ಒಂಟಿಗೈಯಲ್ಲಿ ಒದ್ದಾಡಿ ಕಟ್ಟಿದೆ. ಗಗನಸಖಿ ಪೆಪ್ಪರಮಿಂಟಿನ ತಟ್ಟೆ ಹಿಡಿದಾಗ ಅತ್ತೆ ನನ್ನ ಕಡೆ ತಿರುಗಿದರು. "ಒಂದು ಕೈಯಾಗ ದೇವ್ರ ಅದಾನ, ಒಂದು ಕೈಯಾಗ ನೀ ಅದಿ. ಪೆಪ್ಪರಮಿಂಟ್ ಯಾವ ಕೈಯಾಗ ತಗೊಳ್ಲಿ, ಕಾನ್ವೆಂಟವ್ವಾ?"

ಆ ಹೆಸರು ಬೈಗುಳವಲ್ಲ ಎಂದು ನನಗೆ ತಿಳಿದದ್ದು ಆಕಾಶದಲ್ಲಿ.

ಅಮ್ಮನನ್ನು ಒಳಗೆ ಒಯ್ಯುವ ಮೊದಲೇ ನಾವು ಮುಟ್ಟಿದೆವು. ಅಮ್ಮ ನನ್ನನ್ನು ಗುರುತು ಹಿಡಿದು, "ಊಟ ಮಾಡಿದ್ಯಾ?" ಎಂದಳು. ಆಪರೇಶನ್ ಮುಗಿದು ಹೊರಗೆ ಬಂದ ಅಮ್ಮನಿಗೆ ಮತ್ತೆ ಎಚ್ಚರವಾಗಲಿಲ್ಲ. ಆ ಒಂದು ಮಾತು ನನಗೆ ಸಿಕ್ಕಿದ್ದು ಅತ್ತೆಯಿಂದ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಅತ್ತೆ ಊಟಕ್ಕೆ ಕೂತಲ್ಲೇ ಹೋಗಿಬಿಟ್ಟರು. ನಂಬಲಾಗದೆ ನಾನು ಎಷ್ಟೋ ಹೊತ್ತು ಅವರ ತಾಟಿಗೆ ಸಾರು ಬಡಿಸುವ ಸೌಟು ಹಿಡಿದೇ ನಿಂತಿದ್ದೆ. ಸಂಜೆ ಅವರನ್ನು ಕೂರಿಸಿ, ನಮ್ಮ ಪದ್ಧತಿಯಂತೆ ಮಠದ ಅಯ್ಯನವರು ಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟು, ಖಾಲಿ ಕರಡಿಗೆಯನ್ನು ನನಗೆ ಕೊಟ್ಟರು.

ಅತ್ತೆಯ ಬಲಗೈ ಬರಿದಾಗಿತ್ತು. ಎತ್ತುವವರು ಬಂದು ಬಿಡಿಸುವವರೆಗೂ ನಾನು ಅದನ್ನು ಹಿಡಿದುಕೊಂಡೇ ಕೂತಿದ್ದೆ.