ಟೀ ಕೊಡುವ ಸರದಿ

ಶಿವಮೊಗ್ಗದ ಕುಡುಕರು ಕುಡಿತ ಬಿಡಲು ಭದ್ರಾವತಿಗೆ ಹೋಗುತ್ತಾರೆ. ಭದ್ರಾವತಿಯವರು ಶಿವಮೊಗ್ಗಕ್ಕೆ ಬರುತ್ತಾರೆ. ಕುಡಿಯುವಾಗ ಯಾರಿಗೂ ಊರಿನವರ ಚಿಂತೆ ಇರುವುದಿಲ್ಲ. ಶಿವಮೊಗ್ಗದ ನವುಲೆಯ ರಸ್ತೆ ಪಕ್ಕದ ಚರಂಡಿಗೆ ಕಾಲು ಇಳಿಬಿಟ್ಟುಕೊಂಡು ಹಾಡುಹಗಲಲ್ಲಿ ಮಲಗಿದವನು ನಾನು. ನನ್ನನ್ನು ದಾಟಿಕೊಂಡು ಹೋದವರಲ್ಲಿ ನನ್ನ ಸೋದರತ್ತೆಯೂ ಇದ್ದಳಂತೆ. ಬಿಡುವಾಗ ಮಾತ್ರ ಮರ್ಯಾದೆ ಎಂಬುದು ಎಲ್ಲಿಂದಲೋ ಎದ್ದು ಬಂದು ಕಾಲರ್ ಸರಿ ಮಾಡಿಕೊಳ್ಳುತ್ತದೆ. ಹಾಗಾಗಿ ಭಾನುವಾರ ಮಧ್ಯಾಹ್ನದ ಬಸ್ಸಿನಲ್ಲಿ ನಾನು ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತಾ ಅತ್ತ ಹೋಗುವಾಗ, ಎದುರಿನ ಬಸ್ಸಿನಲ್ಲಿ ಭದ್ರಾವತಿಯ ಯಾವನೋ ನನ್ನಂಥವನು ಮುಖ ಒರೆಸಿಕೊಳ್ಳುತ್ತಾ ಇತ್ತ ಬರುತ್ತಿದ್ದ ಎಂದೇ ನನ್ನ ನಂಬಿಕೆ.

ಇದಕ್ಕೆ ಹೊರತಾದವರು ಒಬ್ಬರೇ. ಅವರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು, ವಯಸ್ಸಿನಲ್ಲಿ ನನ್ನ ಅಪ್ಪನಿಗಿಂತ ದೊಡ್ಡವರಾದರೂ. ಭದ್ರಾವತಿಯ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ಮನೆ, ಅಲ್ಲಿಂದ ಕೂಗಳತೆಯಲ್ಲಿ ಕುಡಿತ ಬಿಡುವವರ ನಮ್ಮ ಮೀಟಿಂಗು. "ಕುಡಿದು ಬಿದ್ದಿದ್ದು ಇದೇ ಊರಲ್ಲಿ ತಂಬಿ. ಎಲ್ರೂ ನೋಡಿದಾರೆ. ಏಳೋದನ್ನ ನೋಡೋಕೆ ಬೇರೆ ಊರಿನೋರು ಯಾಕೆ?" ಎನ್ನುತ್ತಿದ್ದರು. ಅವರ ಮನೆಮಾತು ತಮಿಳು. ಕಬ್ಬಿಣದ ಕಾರ್ಖಾನೆಯ ಕುಲುಮೆಯ ಪಕ್ಕ ಆಯುಷ್ಯ ಕಳೆದವರಾದ್ದರಿಂದ, ಎದುರಿಗಿದ್ದವನು ಶೆಡ್ಡಿನ ಆ ತುದಿಯಲ್ಲಿ ನಿಂತಿದ್ದಾನೆ ಎಂದುಕೊಂಡೇ ಮಾತಾಡುತ್ತಿದ್ದರು. ಅವರು ಗುಟ್ಟು ಹೇಳಿದರೆ ಬಸ್‌ ಸ್ಟ್ಯಾಂಡಿಗೆ ಕೇಳಿಸುತ್ತಿತ್ತು.

ನನ್ನ ಕಸುಬು ಧ್ವನಿಯದು. ಆಟೋದ ತಲೆಗೆ ಮೈಕ್ ಕಟ್ಟಿಕೊಂಡು "ಬನ್ನಿ ತಾಯಂದಿರೇ, ಬನ್ನಿ ಅಕ್ಕಂದಿರೇ, ಸೀರೆಗಳ ಭರ್ಜರಿ ಮಾರಾಟ" ಎಂದು ಕೂಗುತ್ತಾ ಹೋಗುತ್ತಾರಲ್ಲ, ಆ ಧ್ವನಿ ನನ್ನದು. ಮದುವೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಬೇರೆ. ಕುಡಿಯುವ ಕಾಲದಲ್ಲಿ ನನ್ನ ಧ್ವನಿ ಶುದ್ಧವಾಗಿ ಊರು ಸುತ್ತುತ್ತಿತ್ತು, ನಾನು ಮಲಗಿರುತ್ತಿದ್ದೆ. ಮನೆಯಲ್ಲಿ ಅಮ್ಮ ಆಟೋದಲ್ಲಿ ನನ್ನ ದನಿ ಕೇಳಿ, "ಬದುಕಿದಾನೆ" ಎಂದುಕೊಂಡು ಅನ್ನಕ್ಕೆ ಇಡುತ್ತಿದ್ದಳಂತೆ. ಪಾಪ, ಅದು ಹೋದ ತಿಂಗಳ ರೆಕಾರ್ಡಿಂಗು.

ಮೀಟಿಂಗು ನಡೆಯುತ್ತಿದ್ದುದು ಒಂದು ಶಿಶುವಿಹಾರದ ಕೋಣೆಯಲ್ಲಿ. ಗೋಡೆಯ ಮೇಲೆ ಆನೆ, ಇಲಿ, ಈಶ. ಕೆಳಗೆ ಪುಟಾಣಿ ಬೆಂಚುಗಳ ಮೇಲೆ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತ ಗಂಡಸರು. ಒಬ್ಬೊಬ್ಬರೇ ತಮ್ಮ ಕಥೆ ಹೇಳಬೇಕು. ಸಂಸ್ಕೃತ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು ಒಬ್ಬರಿದ್ದರು. ಅವರು "ಮದ್ಯಪಾನದಿಂದ ನನ್ನ ಚಿತ್ತವೃತ್ತಿಯು" ಎಂದು ಶುರು ಮಾಡಿದರೆ ನಮ್ಮ ಶಿವಮೊಗ್ಗದ ಆಟೋ ಡ್ರೈವರ್, "ಅರೆ ಮೇಷ್ಟ್ರೇ, ಜಲ್ದಿ ಬಾರಿಗೆ ಬನ್ನಿ" ಎನ್ನುತ್ತಿದ್ದ. ನಾನು ಮೊದಲ ಭಾನುವಾರವೇ ಇಬ್ಬರನ್ನೂ ಅನುಕರಿಸಿ ತೋರಿಸಿದೆ. ಅಷ್ಟು ಹೊತ್ತು ತಲೆ ತಗ್ಗಿಸಿ ಕೂತವರು ಬೆಂಚು ಮುರಿಯುವಂತೆ ನಕ್ಕರು. ಕಥೆ ಹೇಳು ಎಂದಾಗ ಮಾತ್ರ ನನಗೆ ನನ್ನ ಧ್ವನಿ ಯಾವುದು ಎಂದೇ ತಿಳಿಯಲಿಲ್ಲ. ಅಣ್ಣ ಒತ್ತಾಯ ಮಾಡಲಿಲ್ಲ. "ಸಿಗತ್ತೆ ಬಿಡು ತಂಬಿ, ಎಲ್ಲೋ ಆಟೋದಲ್ಲಿ ತಿರುಗ್ತಾ ಇರತ್ತೆ" ಎಂದು ಕಿರುಚಿದರು. ಅವರ ಲೆಕ್ಕದಲ್ಲಿ ಅದು ಪಿಸುಮಾತು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಬೇರೆ ಊರಿನ ಮೀಟಿಂಗುಗಳಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ. ನಡುವೆ ಜಾರಿ ಮತ್ತೆ ಕುಡಿದವನು ವಾಪಸ್ ಬಂದ ದಿನ, ಎಲ್ಲರಿಗೂ ಟೀ ಕೊಡುವ ಸರದಿ ಅವನದು. ಹೋಟೆಲಿನಿಂದ ಬಂದ ದೊಡ್ಡ ಫ್ಲಾಸ್ಕು ಬಾಗಿಲ ಬಳಿಯ ಮೇಜಿನ ಮೇಲಿರುತ್ತಿತ್ತು. ಬಂದವನು ಸುಮ್ಮನೆ ಅದನ್ನು ಎತ್ತಿಕೊಂಡರೆ ಸಾಕು, ಎಲ್ಲರಿಗೂ ಅರ್ಥವಾಗುತ್ತಿತ್ತು. ಎಲ್ಲಿ ಕುಡಿದೆ, ಎಷ್ಟು ಕುಡಿದೆ, ಯಾಕೆ ಕುಡಿದೆ, ಯಾರೂ ಕೇಳುವಂತಿಲ್ಲ. ಟೀಯನ್ನು ಮಾತ್ರ ಎಷ್ಟು ಬೇಕಾದರೂ ಬೈಯಬಹುದು. ಈ ಪದ್ಧತಿ ತಂದವರೇ ಅಣ್ಣ. "ಒಳಗೆ ಬರೋನ ಕೈಲಿ ಏನಾದ್ರೂ ಇರ್ಬೇಕು. ಬರಿಗೈ ಆದ್ರೆ ಮುಖ ಮುಚ್ಕೊಳ್ಳತ್ತೆ" ಎನ್ನುತ್ತಿದ್ದರು.

ನನಗೂ ಆ ಸರದಿ ಬಂದಿದೆ. ಫ್ಲಾಸ್ಕು ಬಗ್ಗಿಸಿದೆ, ಕೈ ನಡುಗಿ ಅರ್ಧ ಟೀ ಮೇಷ್ಟ್ರ ಬಿಳಿ ಪಂಚೆಯ ಮೇಲೆ ಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ಪಂಚೆ ಮನೇಲಿ ಇನ್ನೂ ಇದಾವೆ ಮಾರಾಯ. ನೀನು ಒಬ್ನೇ ಇರೋದು" ಎಂದರು. ಡ್ರೈವರ್ ತನ್ನ ಲೋಟ ಕುಡಿದು, "ಥೂ, ಇದಕ್ಕಿಂತ ಕುಡ್ಕೊಂಡಿರೋದೇ ವಾಸಿ" ಎಂದ. ಕೊನೆಗೆ ಅಣ್ಣನ ಲೋಟಕ್ಕೆ ಹೊಯ್ಯುವಾಗ ಅವರ ಬೆರಳಿಗೆ ಬಿಸಿ ಟೀ ಸುರಿಯಿತು. ಅವರು ಕೈ ಹಿಂತೆಗೆಯಲೇ ಇಲ್ಲ. ಲೋಟ ತುಂಬುವವರೆಗೂ ಹಿಡಿದೇ ಇದ್ದರು.

ಅವರದೇ ಇನ್ನೊಂದು ಕಟ್ಟಪ್ಪಣೆಯಿತ್ತು. ಜಾರಿದವನು ಮನೆಯ ಬಾಗಿಲು ಹಾಕಿಕೊಂಡು ಒಬ್ಬನೇ ನಿಲ್ಲಿಸಲು ಹೋಗಬಾರದು. "ವರ್ಷಗಟ್ಲೆ ನೆನೆದಿರೋ ಮೈ. ದಿಢೀರ್ ಅಂತ ನಿಲ್ಸಿದ್ರೆ ಫಿಟ್ಸ್ ಬರತ್ತೆ, ಜೀವ ಹೋಗತ್ತೆ. ಡಾಕ್ಟ್ರ ಮುಂದೆ ಬಿಡು" ಎಂದು, ಅವರೇ ಆಟೋದಲ್ಲಿ ತುಂಬಿಕೊಂಡು ದೊಡ್ಡಾಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಡ್ರೈವರನನ್ನು ಕರೆದೊಯ್ದಿದ್ದರು, ನನ್ನನ್ನೂ. ಅಲ್ಲಿನ ವಾರ್ಡಿನಲ್ಲಿ ಅವರನ್ನು ಕಂಡರೆ ನರ್ಸಮ್ಮಂದಿರು ಹಾಸಿಗೆ ಸರಿ ಮಾಡಲು ಹೊರಡುತ್ತಿದ್ದರು.

ಇಂಥ ಅಣ್ಣ ಕುಡಿದರು.

ಯಾಕೆ ಎಂದು ಕೇಳಬೇಡಿ, ನಾವು ಕೇಳುವುದಿಲ್ಲ. ಹೆಂಡತಿಯ ಆಪರೇಷನ್ ಆದಾಗ ಕುಡಿಯಲಿಲ್ಲ, ಮಗಳನ್ನು ಕೊಟ್ಟ ಮನೆಯಲ್ಲಿ ಅವಮಾನವಾದಾಗ ಕುಡಿಯಲಿಲ್ಲ. ಏನೂ ನಡೆಯದ ಒಂದು ದಿನ ತೆಂಗಿನಕಾಯಿ ತರುತ್ತೇನೆ ಎಂದು ಹೋದವರು ಕುಡಿದು ಬಂದರು. ಆಮೇಲೆ ನಿಲ್ಲಿಸಲಾಗಲಿಲ್ಲ. ಅಕ್ಕ, ಎಂದರೆ ಅವರ ಹೆಂಡತಿ, ಫೋನಿನಲ್ಲಿ ಮೇಷ್ಟ್ರಿಗೆ ಹೇಳಿ ಅತ್ತರಂತೆ.

ಹೇಳಿದರೆ ನಂಬುತ್ತೀರೋ ಇಲ್ಲವೋ, ನಮಗೆ ಆ ಭಾನುವಾರ ಒಂದು ಬಗೆಯ ಸಡಗರ. "ಬರ್ಲಿ ಬರ್ಲಿ, ಇಷ್ಟು ವರ್ಷ ನಮ್ಮ ಕೈ ಟೀ ಕುಡಿದು ಬೈದಿದಾರೆ. ಇವತ್ತು ನಾನು ಮೂರು ಲೋಟ ಕುಡೀತೀನಿ, ಮೂರನ್ನೂ ಉಗೀತೀನಿ" ಎಂದ ಡ್ರೈವರ್. ಫ್ಲಾಸ್ಕಿಗೆ ಯಾರೂ ಕೈ ಹಚ್ಚಲಿಲ್ಲ. ಬಾಗಿಲನ್ನೇ ನೋಡುತ್ತಾ ಕೂತೆವು. ಅವರು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಆರಿದ ಟೀಯನ್ನು ಮೇಷ್ಟ್ರು ಹಿತ್ತಲಿಗೆ ಚೆಲ್ಲಿದರು.

ವಾರದ ನಡುವೆ ಒಂದು ದಿನ ನಾನು ಅವರ ಮನೆಗೆ ಹೋದೆ. ಅಕ್ಕ ಬಾಗಿಲು ತೆಗೆದು, ಒಳಕೋಣೆಯ ಕಡೆ ಕಣ್ಣಿನಲ್ಲೇ ತೋರಿಸಿದರು. ಚಿಲಕ ಹಾಕಿತ್ತು.

ಮೊದಲು ಮೇಷ್ಟ್ರಾದೆ. "ಬಂಧುವೇ, ಕವಾಟವನ್ನು ತೆರೆಯುವಂಥವನಾಗು" ಎಂದೆ. ಆಮೇಲೆ ಡ್ರೈವರನಾದೆ. "ಅರೆ ಅಣ್ಣಾ, ಮೀಟರ್ ಓಡ್ತಾ ಇದೆ, ಖಾಲಿಪೀಲಿ ನಿಲ್ಲಿಸ್ಬೇಡಿ" ಎಂದೆ. ನಮ್ಮ ಮೀಟಿಂಗಿನ ಒಬ್ಬೊಬ್ಬರನ್ನೂ ಆ ಬಾಗಿಲಿಗೆ ತಂದು ನಿಲ್ಲಿಸಿದೆ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. ಕಡೆಗೆ ಒಳಗಿನಿಂದ ಅಣ್ಣನ ಆ ಶೆಡ್ಡಿನ ಧ್ವನಿ ಬಂತು, ಬಹಳ ಸಣ್ಣದಾಗಿ.

"ಮೇಷ್ಟ್ರು ಸರಿಯಾಗಿಲ್ಲ ತಂಬಿ. ಅವ್ರು ಮಾತಿಗೆ ಮುಂಚೆ ಮೂಗು ಎಳೀತಾರೆ. ನೀನು ಎಳೀಲಿಲ್ಲ."

"ಬಾಗ್ಲು ತೆಗೀರಿ, ಎಳೆದು ತೋರಿಸ್ತೀನಿ."

"ನಿಲ್ಸಿದೀನಿ ಕಣೋ. ನಿನ್ನೆಯಿಂದ ಮುಟ್ಟಿಲ್ಲ."

ಬಾಗಿಲಿಗೆ ಇನ್ನೂ ಹತ್ತಿರ ಸರಿದೆ. "ಒಬ್ರೇನಾ? ನೀವೇ ಬೇಡ ಅಂತಿದ್ರಿ. ನಡೀರಣ್ಣ, ಆಸ್ಪತ್ರೆಗೆ ಹೋಗೋಣ. ಹೊರಗೆ ಆಟೋ ಇದೆ."

"ಆಸ್ಪತ್ರೇಲಿ ನರ್ಸಮ್ಮ, 'ಇವತ್ತು ಯಾರನ್ನ ಕರ್ಕೊಂಡ್ಬಂದ್ರಿ' ಅಂತಾಳೆ. ಏನ್ ಹೇಳ್ಲಿ? 'ನನ್ನೇ ಕರ್ಕೊಂಡ್ಬಂದಿದೀನಿ, ಒಳ್ಳೇ ಹುಡುಗ, ನೋಡ್ಕೊಳ್ಳಮ್ಮ' ಅನ್ಲಾ?"

ಆ ಮಾತನ್ನು ಅವರು ಎಂಥ ಸರಿಯಾದ ಹದದಲ್ಲಿ ಹೇಳಿದರೆಂದರೆ, ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ನಗು ಮುಗಿದ ಮೇಲೆ ಎರಡು ಸಲ ಕರೆದೆ, ಬೇಡಿಕೊಂಡೆ, ಬಾಗಿಲು ಬಡಿದೆ. ಅಕ್ಕನೂ ಬಡಿದರು.

"ಭಾನುವಾರ ಬರ್ತೀನಿ" ಎಂದರು ಒಳಗಿನಿಂದ. "ಟೀ ಕೊಡೋಕೆ ಅಲ್ಲ, ಕುಡಿಯೋಕೆ. ಅಷ್ಟರಲ್ಲಿ ಮೈ ಶುದ್ಧ ಆಗಿರತ್ತೆ. ನನ್ನ ಕೈಲಿ ಫ್ಲಾಸ್ಕ್ ನೋಡ್ಬೇಕು ಅಂತ ಆಸೆನಾ ನಿಮ್ಗೆಲ್ಲ? ಹೋಗೋ."

ಇಡೀ ಊರಿನ ಮುಂದೆ ಬಿದ್ದದ್ದಕ್ಕೆ ನಾಚದ ಮನುಷ್ಯ, ಪುಟಾಣಿ ಬೆಂಚಿನ ಮೇಲೆ ಕೂತ ನಮ್ಮಂಥವರ ಮುಂದೆ ನಾಚಿಕೊಂಡರು. ಹೊರಗೆ ಬಂದು ಡ್ರೈವರನಿಗೆ ಫೋನು ಮಾಡಿದೆ. ನಾಳೆ ಇಬ್ಬರೂ ಸೇರಿ ಬಂದು, ಬೇಕಾದರೆ ಬಾಗಿಲು ಒಡೆದು ಎತ್ತಿಕೊಂಡು ಹೋಗೋಣ ಎಂದು ತೀರ್ಮಾನವಾಯಿತು.

ಮರುದಿನ ನಾವು ಹೊರಡುವ ಮೊದಲೇ ಅಕ್ಕನ ಫೋನು ಬಂತು. ಬೆಳಿಗ್ಗೆ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದರಂತೆ, ತಲೆಗೆ ಕಲ್ಲು ಬಡಿಯಿತಂತೆ. ಪಕ್ಕದ ಮನೆಯವರು ಗಾಡಿಗೆ ಹಾಕುವಷ್ಟರಲ್ಲಿ ಮುಗಿದಿತ್ತು.

ನಾವೆಲ್ಲ ಹೋದೆವು. ಭಾನುವಾರ ಮುಖ ಒರೆಸಿಕೊಂಡು ಬರುತ್ತಿದ್ದವರು, ಕೆಲಸದ ದಿನ, ಬಿಸಿಲಲ್ಲಿ, ಶಾಮಿಯಾನದ ಕೆಳಗೆ ಸಾಲಾಗಿ ನಿಂತೆವು. ಅವರ ಕಾರ್ಖಾನೆಯ ಹಳೆಯ ಜೊತೆಗಾರರು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಬ್ಬ ಪಂಚೆಯ ಮೇಷ್ಟ್ರು, ಒಬ್ಬ ಖಾಕಿ ಶರ್ಟಿನ ಡ್ರೈವರ್, ಒಬ್ಬ ಕೂದಲಿಗೆ ಬಣ್ಣ ಹಾಕಿದ ಹುಡುಗ, ಎಂದರೆ ನಾನು. ನಂಟರಂತೂ ಅಲ್ಲ.

"ನೀವು ಹೇಗೆ ಪರಿಚಯ?" ಎಂದು ಒಬ್ಬರು ಮೇಷ್ಟ್ರನ್ನು ಕೇಳಿದರು.

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮೇಷ್ಟ್ರು, "ಅವರು ನನ್ನಲ್ಲಿ ಸಂಸ್ಕೃತ ಕಲೀತಿದ್ರು" ಎಂದರು. ಬೇರೆ ದಿನವಾಗಿದ್ದರೆ ಅದೊಂದನ್ನೇ ಇಟ್ಟುಕೊಂಡು ನಾನು ಆರು ತಿಂಗಳು ಆರ್ಕೆಸ್ಟ್ರಾ ನಡೆಸುತ್ತಿದ್ದೆ. ಡ್ರೈವರ್ ಕೇಳುವ ಮೊದಲೇ, "ನಾನು ಅವ್ರ ಆಟೋ" ಎಂದುಬಿಟ್ಟ.

ತಲೆಬಾಗಿಲಲ್ಲಿ ಕೂತಿದ್ದ ಅಕ್ಕ ಅದನ್ನು ಕೇಳಿಸಿಕೊಂಡರು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಅವ್ರನ್ನೆಲ್ಲ ಏನೂ ಕೇಳ್ಬೇಡಿ. ನಮ್ಮನೆಯೋರು ಇವ್ರ ಜೊತೆ ಇದ್ದಾಗ ಕುಡೀತಿರ್ಲಿಲ್ಲ. ಒಳಗೆ ಬಿಡಿ ಅವ್ರನ್ನ."

ಹೊತ್ತುಕೊಂಡು ಹೋಗುವಾಗ ಹೆಗಲು ಕೊಡಲು ನಮಗೂ ಜಾಗ ಬಿಟ್ಟರು. ಭದ್ರಾ ದಡದಲ್ಲಿ ಎಲ್ಲ ಮುಗಿಸಿ, ಮಿಂದು ಬಂದಾಗ ಮನೆಯ ಮುಂದೆ ಜನ ಕರಗಿದ್ದರು. ಅಕ್ಕ ನನ್ನನ್ನು ಹಿತ್ತಲ ಕಡೆ ಕರೆದರು. ಅಲ್ಲಿ ಒಗೆಯುವ ಕಲ್ಲಿನ ಮೇಲೆ ಸ್ಟೀಲ್ ಲೋಟಗಳು ಸಾಲಾಗಿ ಇದ್ದವು. ಪಕ್ಕದಲ್ಲಿ ನೀರಿನ ಚೊಂಬು. ನೆಲವೆಲ್ಲ ಒದ್ದೆಯಾಗಿ ಆರಿದ ಗುರುತು.

"ನೀನು ಹೋದ್ಮೇಲೆ ಬಾಗ್ಲು ತೆಗೆದ್ರು ತಮ್ಮ. ಇಲ್ಲೇ ಕೂತು ಚೊಂಬಿಂದ ಲೋಟಕ್ಕೆ ನೀರು ಹೊಯ್ಯೋದು, ಕೈ ನಡುಗಿ ಚೆಲ್ಲೋದು, ಮತ್ತೆ ಚೊಂಬಿಗೆ ತುಂಬೋದು, ಮತ್ತೆ ಹೊಯ್ಯೋದು. ಸಂಜೆ ತನಕ ಅದೇ. ಹುಚ್ಚು ಹಿಡೀತಾ ಅಂತ ಭಯ ಆಯ್ತು ನಂಗೆ. ಯಾಕ್ರೀ ಅಂದ್ರೆ, 'ಭಾನುವಾರ ನನ್ನ ಸರದಿ' ಅಂದ್ರು."

ನಾನು ಆ ಲೋಟಗಳನ್ನು ನೋಡುತ್ತಾ ನಿಂತೆ. ಬಾಗಿಲಾಚೆಯಿಂದ ಅವರು ನನಗೆ ಹೇಳಿದ್ದು ಸುಳ್ಳು. ಅವರು ಬರುವವರಿದ್ದರು. ಫ್ಲಾಸ್ಕು ಎತ್ತಿಕೊಳ್ಳುವವರಿದ್ದರು.

"ಅಲ್ಲಿ ಚೆಲ್ಲಿದ್ರೆ ಬೈತಾರಾ?" ಎಂದು ಕೇಳಿದರು ಅಕ್ಕ.

"ಇಲ್ಲಕ್ಕ."

"ಯಾರೂ ಏನೂ ಅನ್ನಲ್ವಾ?"

"ಯಾರೂ ಏನೂ ಅನ್ನಲ್ಲ. ಎಲ್ರೂ ಚೆಲ್ಲಿದೀವಿ."

ಅದು ಯಾರ ಅನುಕರಣೆಯೂ ಇಲ್ಲದೆ, ಒಡೆದು, ಒಣಗಿ ಬಂದ ಧ್ವನಿ. ಅಕ್ಕ ಕಲ್ಲಿನ ಪಕ್ಕ ಕೂತು ಒಂದು ಲೋಟವನ್ನು ಬೋರಲು ಹಾಕಿದರು.

"ಮತ್ಯಾಕೆ ಅಷ್ಟು ಹೆದರಿದ್ರು?" ಎಂದರು.

ಒಳಗಿನಿಂದ ಮಗಳು ಕರೆದಳು. ಉತ್ತರಕ್ಕೆ ಕಾಯದೆ ಅಕ್ಕ ಎದ್ದು ಹೋದರು.