ಸರ್ಕಸ್ ಡೇರೆಯಲ್ಲಿ ನಮ್ಮಾಕೆಯ ಕವನ

ನನ್ನ ಹೆಂಡತಿ ಕವಿ ಎಂಬ ಸುದ್ದಿ ನನಗೆ ಗೊತ್ತಾದದ್ದು ಆಮಂತ್ರಣ ಪತ್ರಿಕೆ ಓದಿ!

ಹೌದು ಸ್ವಾಮಿ. ನಮ್ಮ ರಾಜಾಜಿನಗರದ ನಾಡಹಬ್ಬದ ಆಮಂತ್ರಣ. ಕವಿಗೋಷ್ಠಿಯ ಪಟ್ಟಿಯ ಕೊನೆಯಲ್ಲಿ 'ಶ್ರೀಮತಿ ಪದ್ಮಾವತಿ' ಎಂದಿತ್ತು. "ಇದ್ಯಾರೇ, ನಿನ್ನ ಹೆಸರಿನೋರು?" ಎಂದೆ. "ನಾನೇ ಕಣ್ರೀ" ಎಂದವಳೇ ಪದ್ಮ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು.

ಹಬ್ಬದ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮದು ಹೊಸ ಬಡಾವಣೆ. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸಭೆಗೊಂದು ಹಾಲ್ ಇಲ್ಲ. ಮೈದಾನದಲ್ಲಿ ಬೀಡುಬಿಟ್ಟಿದ್ದ ಸರ್ಕಸ್ಸಿನ ಮ್ಯಾನೇಜರು, "ನಮ್ಮ ಟೆಂಟೇ ಇದೆಯಲ್ಲ ಸಾರ್, ನಮ್ಮನ್ನೂ ಹಬ್ಬಕ್ಕೆ ಸೇರಿಸ್ಕೊಳ್ಳಿ" ಎಂದರಂತೆ. ಕಮಿಟಿಯವರು ಒಪ್ಪಿದರು. (ಸಿಂಹದ ಪಕ್ಕದಲ್ಲಿ ಸಾಹಿತ್ಯವೇ ಎಂದು ಮೂಗು ಮುರಿದವರಲ್ಲಿ ನಾನೂ ಒಬ್ಬ.) ಬೆಳಿಗ್ಗೆ ಸಂಗೀತ, ಮಧ್ಯಾಹ್ನ ಕವಿಗೋಷ್ಠಿ, ಸಂಜೆ ಸರ್ಕಸ್. ಎಲ್ಲ ಒಂದೇ ಡೇರೆಯಲ್ಲಿ!

ಎಂಥ ಸೊಗಸು ಅಂತೀರಿ! ಭಾನುವಾರ ಬೆಳಿಗ್ಗೆ ವಿದ್ವಾಂಸರು ತೋಡಿ ರಾಗದ ಆಲಾಪನೆಯಲ್ಲಿದ್ದಾಗ ಹಿಂದಿನಿಂದ ಸಿಂಹ ಗರ್ಜಿಸಿತು. ಅವರು ನಕ್ಕು, "ಅವರಿಗೂ ಒಂದು ತಂಬೂರಿ ಕೊಡಿ" ಎಂದು ಮುಂದುವರಿಸಿದರು. ಕಾರ್ಖಾನೆಯ ಕೆಲಸಗಾರರು, ಕೆಂಗೇರಿಯಿಂದ ಗಾಡಿ ಕಟ್ಟಿಕೊಂಡು ಬಂದ ರೈತರು, ನಮ್ಮಂಥ ಗುಮಾಸ್ತರು ಒಂದೇ ಹಲಗೆಯ ಮೇಲೆ ಕೂತು ತಾಳ ಹಾಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಧ್ಯಾಹ್ನ ಪದ್ಮಳ ಸರದಿ. ಮೊದಲ ಸಾಲಿನಲ್ಲಿ ನಮ್ಮ ಆಫೀಸಿನ ಹೆಡ್‌ಕ್ಲಾರ್ಕ್ ಕೂತಿದ್ದರು. ಈಕೆ ತೊದಲಿದರೆ ಸೋಮವಾರ ನನ್ನ ಗತಿ? ಕೊನೆಯ ಸಾಲಿಗೆ ಹೋಗಿ, ಡೇರೆಯ ಕಂಬದ ಮರೆಯಲ್ಲಿ ಕೂತೆ.

ಪರದೆಯ ಪಕ್ಕದಲ್ಲಿ ಪದ್ಮ ನಿಂತಿದ್ದಳು. ಕೈಯಲ್ಲಿದ್ದ ಹಾಳೆಯನ್ನು ಮಡಿಸುವುದು, ಬಿಚ್ಚುವುದು ಮಾಡುತ್ತಿದ್ದುದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಸರ್ಕಸ್ಸಿನಲ್ಲಿ ಉಯ್ಯಾಲೆಯಿಂದ ಉಯ್ಯಾಲೆಗೆ ಹಾರುವ ಹೆಂಗಸು ಮಾಧವಿ ಅವಳ ಕಿವಿಯಲ್ಲಿ ಏನೋ ಹೇಳಿ, ಬಂದು ಎಲ್ಲರಿಗಿಂತ ಮುಂದೆ ನೆಲದ ಮೇಲೆ ಕೂತಳು.

ಹೆಸರು ಕರೆದರು. ಪದ್ಮ ಮೈಕಿನ ಮುಂದೆ ನಿಂತು ಸಭೆಯನ್ನೆಲ್ಲ ನೋಡಿದಳು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ನಾನು ಕಂಬಕ್ಕೆ ಇನ್ನಷ್ಟು ಒತ್ತಿ ಕೂತೆ. ಆಮೇಲೆ ಮಾಧವಿಯ ಮೇಲೆ ಕಣ್ಣು ನೆಟ್ಟು ಓದತೊಡಗಿದಳು.

ಬೆಳಗಿನ ಜಾವ ಬೀದಿ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಕಾಯುವ ಹೆಂಗಸರ ಕವನ. ನೀರು ಬರುವ ಮೊದಲು ನಲ್ಲಿ ಬುಸುಗುಟ್ಟುವ ಸದ್ದೂ ಅದರಲ್ಲಿತ್ತು. ಹೆಂಗಸರ ಕಡೆಯಿಂದ ಮೊದಲು ನಗು, ಆಮೇಲೆ ಚಪ್ಪಾಳೆ. ಹೆಡ್‌ಕ್ಲಾರ್ಕ್ ಎದ್ದು ನಿಂತು "ಭೇಷ್!" ಎಂದರು. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು. ನಾಲ್ಕು ವರ್ಷದಿಂದ ಆ ನೀರನ್ನು ನಾನು ಮೈಮೇಲೆ ಸುರಿದುಕೊಂಡಿದ್ದೇನೆ, ಅಷ್ಟೇ. ಅದರಲ್ಲಿ ಇಷ್ಟೆಲ್ಲ ಇತ್ತೇ?

ಮನೆಗೆ ನಡೆದು ಬರುವಾಗ ಕೇಳಿದೆ, "ಆ ಸರ್ಕಸ್ಸಿನಾಕೆ ಏನಂದ್ಲೇ?"

"ಜನರನ್ನ ನೋಡ್ಬೇಡಮ್ಮ, ಬಿದ್ದೋಗ್ತೀಯ. ಹಿಡ್ಕೊಳ್ಳೋರ ಕೈ ಒಂದನ್ನೇ ನೋಡು ಅಂದ್ಲು. ಅದಕ್ಕೇ ನಿಮ್ಮನ್ನ ಹುಡುಕ್ದೆ ಕಣ್ರೀ. ಕಾಣ್ಲೇ ಇಲ್ಲ. ಕೊನೆಗೆ ಅವಳನ್ನೇ ನೋಡ್ಕೊಂಡು ಓದ್ದೆ. ನೀವೆಲ್ಲಿ ಕೂತಿದ್ರಿ?"

ವಾರವಾರ ಪತ್ರಿಕೆಯ ಈ ಅಂಕಣದಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ನಾನು ಇದಕ್ಕೇನು ಉತ್ತರ ಕೊಡಲಿ, ನೀವೇ ಹೇಳಿ.